ಜಾಮಲ್ಲಿ ಕಾರುಗಳ ಮಧ್ಯೆ ಬೈಕ್ ನುಗ್ಸೋದು: ಎಷ್ಟು ಸ್ಪೀಡು, ಯಾವ ಸಂದಿ, ಯಾವಾಗ ಬೇಡ?

ಮಲ್ನಾಡ್_ಸವಾರ

ಎಲ್ರಿಗೂ ನಮಸ್ಕಾರ. ಶಿವಮೊಗ್ಗದಿಂದ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದೀನಿ, ರೂಮು ಕೆ.ಆರ್. ಪುರಂ ಕಡೆ, ಆಫೀಸು ಬೆಳ್ಳಂದೂರು, ಗಾಡಿ ಪಲ್ಸರ್ 150. ಊರ ಕಡೆ ಘಾಟಿ, ಮಳೆ, ರಾತ್ರಿ ಹೈವೇ ಎಲ್ಲ ಓಡ್ಸಿ ಅಭ್ಯಾಸ ಇದೆ, ಆದ್ರೆ ಇಲ್ಲಿನ ಔಟರ್ ರಿಂಗ್ ರೋಡು ಬೇರೇನೇ. ಬೆಳಿಗ್ಗೆ ಟಿನ್ ಫ್ಯಾಕ್ಟರಿ ದಾಟಿದ್ಮೇಲೆ ಮಾರತಹಳ್ಳಿ ತನಕ ಕಾರುಗಳು ತೆವಳ್ತಾ ಇರುತ್ವೆ, ಒಂದು ಕಡೆ ಮೆಟ್ರೋ ಬ್ಯಾರಿಕೇಡು, ಇನ್ನೊಂದು ಕಡೆ ಬಸ್ಸು, ನಾನು ಕಾರಿನ ಹಿಂದೆ ಸುಮ್ನೆ ನಿಂತ್ರೆ ಹಿಂದಿನ ಬೈಕುಗಳೆಲ್ಲ ಒಂದೇ ಸಮ ಹಾರ್ನ್ ಹೊಡೀತಾರೆ, ನುಗ್ಗೋಣ ಅಂದ್ರೆ ಎರಡೂ ಕಡೆ ಮಿರರ್‌ಗಳು ಹ್ಯಾಂಡಲ್‌ಗೆ ತಾಗೋ ಹಂಗಿರುತ್ತೆ. ಎಲ್ರೂ ನುಗ್ತಾರೆ ಅನ್ನೋದು ಕಾಣ್ತಿದೆ. ನನಗೆ ಬೇಕಾಗಿರೋದು ಅದನ್ನ ಸೇಫಾಗಿ ಮಾಡೋದು ಹೇಗೆ, ಎಷ್ಟು ಸ್ಪೀಡಲ್ಲಿ, ಯಾವ ಲೇನುಗಳ ಮಧ್ಯೆ, ಯಾವಾಗ ಮಾಡ್ಲೇಬಾರ್ದು ಅನ್ನೋದು. ಕಾನೂನು ಏನ್ ಹೇಳುತ್ತೆ ಅಂತ ಗೊತ್ತಿರೋರೂ ಹೇಳಿ ಪ್ಲೀಸ್.

---

ರಿಂಗ್‌ರೋಡ್_ದಿನನಿತ್ಯ

ಗುರು, ಮೊದ್ಲು ಹಿಂದಿನವ್ನ ಹಾರ್ನನ್ನ ತಲೆಯಿಂದ ತೆಗೆದ್ಹಾಕು. ಅವ್ನಿಗೆ ನಿನ್ನ ಮುಂದಿರೋ ಸಂದಿ ಕಾಣೋದೇ ಇಲ್ಲ, ಸಂದಿ ಎಷ್ಟಿದೆ ಅಂತ ಗೊತ್ತಿರೋನು ನೀನೊಬ್ನೇ. ಹೋಗೋಕೆ ಮನಸ್ಸಿಲ್ದೇ ಇದ್ರೆ ಕಾರಿನ ಹಿಂದೆ ಸ್ವಲ್ಪ ಒಂದು ಪಕ್ಕಕ್ಕೆ ಸರಿದು ಅವ್ನಿಗೆ ದಾರಿ ಬಿಡು, ಹೋಗ್ಲಿ. ಹಾರ್ನಿಗೆ ಹೆದ್ರಿ ನುಗ್ಗೋದು ಮಾತ್ರ ಬೇಡ.

ಈಗ ವಿಷಯಕ್ಕೆ ಬರ್ತೀನಿ. ಜಾಸ್ತಿ ಜನ ಸಂದಿ ಎಷ್ಟು ಅಗಲ ಇದೆ ಅಂತ ನೋಡ್ತಾರೆ, ಅದು ನೋಡ್ಬೇಕು ಸರಿ, ಆದ್ರೆ ಅದಕ್ಕಿಂತ ದೊಡ್ಡದು ನಿನಗೂ ಪಕ್ಕದ ಕಾರಿಗೂ ಸ್ಪೀಡಲ್ಲಿ ಎಷ್ಟು ವ್ಯತ್ಯಾಸ ಇದೆ ಅನ್ನೋದು. ಲೆಕ್ಕ ಹಾಕಿ ನೋಡು. ಗಂಟೆಗೆ 15 ಕಿ.ಮೀ. ಅಂದ್ರೆ ಸೆಕೆಂಡಿಗೆ 4 ಮೀಟರ್‌ಗಿಂತ ಚೂರು ಜಾಸ್ತಿ. ನಮ್ಮ ರೋಡಲ್ಲಿರೋ ಸ್ವಿಫ್ಟು, ಐ20 ಥರದ ಕಾರುಗಳೆಲ್ಲ ಉದ್ದದಲ್ಲಿ 4 ಮೀಟರ್ ಒಳಗೇ ಇರೋದು. ಅಂದ್ರೆ ಕಾರುಗಳಿಗಿಂತ 15 ಜಾಸ್ತಿ ಹೋಗ್ತಿದ್ರೆ ಸೆಕೆಂಡಿಗೊಂದು ಕಾರು ದಾಟ್ತಾ ಇದೀಯ. ಮುಂದಿನ ಕಾರು ಅಲ್ಲಾಡ್ತು ಅಂತ ಕಣ್ಣಿಗೆ ಬಿದ್ದು ಕೈ ಬ್ರೇಕ್ ಹಿಡಿಯೋಕೆ ಹತ್ತಿರತ್ರ ಒಂದು ಸೆಕೆಂಡ್ ಬೇಕು, ಅಷ್ಟ್ರಲ್ಲಿ ಒಂದು ಕಾರಿನಷ್ಟು ದೂರ ಹೋಗಿರ್ತೀಯ, ಅದು ಸಂಭಾಳಿಸ್ಬೋದು. ಅದೇ ವ್ಯತ್ಯಾಸ 30 ಆಯ್ತು ಅಂದ್ಕೋ, ಸೆಕೆಂಡಿಗೆ 8 ಮೀಟರ್, ಬ್ರೇಕ್ ಮುಟ್ಟೋ ಮುಂಚೇನೇ ಎರಡು ಕಾರು ದಾಟಿರ್ತೀಯ, ಅಲ್ಲಿಂದ ಮುಂದೆ ನಿಲ್ಸೋ ದೂರ ಬೇರೆ. ಅದಕ್ಕೆ ನಾನು ಇಟ್ಕೊಂಡಿರೋದು ಇಷ್ಟು: ಕಾರುಗಳು ಪೂರ್ತಿ ನಿಂತಿದ್ರೆ 15ರ ಒಳಗೆ, 10ರಲ್ಲಿ ತೆವಳ್ತಿದ್ರೆ 20–25ರ ಒಳಗೆ, ಕಾರುಗಳೇ 30 ಮುಟ್ಟಿದ್ವು ಅಂದ್ರೆ ಸಂದಿ ಸಹವಾಸ ಬೇಡ, ಒಂದು ಲೇನಲ್ಲಿ ಸರಿಯಾಗಿ ಜಾಗ ಮಾಡ್ಕೊಂಡು ಕಾರಿನ ಥರಾನೇ ಹೋಗೋದು. ಟ್ರಾಫಿಕ್ ಬಿಡ್ತಿರೋ ಆ ಹೊತ್ತಲ್ಲೇ ಇನ್ನೂ ನಾಲ್ಕು ಕಾರು ದಾಟೋಣ ಅಂತ ಆಸೆ ಆಗೋದು, ಕಾರುಗಳು ಅಡ್ಡಡ್ಡ ಎಳಿಯೋದೂ ಆವಾಗ್ಲೇ.

ಎರಡ್ನೇದು, ಇದನ್ನ ಯಾರೂ ಹೇಳಿಕೊಡಲ್ಲ. ಎರಡೂ ಲೇನು ನಿಂತಿದ್ರೆ ಅಪಾಯ ಕಡಿಮೆ. ಎರಡೂ ಒಂದೇ ಸ್ಪೀಡಲ್ಲಿ ತೆವಳ್ತಿದ್ರೂ ಪರ್ವಾಗಿಲ್ಲ. ಒಂದು ಲೇನು ನಿಂತು ಪಕ್ಕದ್ದು ಹೋಗ್ತಿದ್ರೆ ಮಾತ್ರ ಎಚ್ಚರ, ಯಾಕಂದ್ರೆ ನಿಂತಿರೋ ಲೇನಲ್ಲಿರೋ ಪ್ರತಿಯೊಬ್ಬ ಡ್ರೈವರೂ ಪಕ್ಕದ ಲೇನ್ ನೋಡ್ತಾ ಯಾವಾಗ ನುಗ್ಲಿ ಅಂತ ಕಾಯ್ತಿರ್ತಾನೆ, ಅವ್ನು ನೋಡೋದು ಕಾರು ಬರ್ತಿದ್ಯಾ ಅಂತ, ಬೈಕ್ ಬರ್ತಿದ್ಯಾ ಅಂತ ಅಲ್ಲ. ನಿಂತ ಲೇನಲ್ಲಿ ಒಂದು ಕಾರಿನ ಮುಂದೆ ಖಾಲಿ ಜಾಗ ಕಂಡ್ರೆ ಇನ್ನೂ ನಿಧಾನ ಮಾಡು. ಆ ಡ್ರೈವರ್ ಯಾಕೆ ಮುಂದೆ ಎಳ್ದಿಲ್ಲ? ಯಾರೋ ರೋಡ್ ದಾಟ್ತಿರ್ಬೇಕು, ಇಲ್ಲಾ ಸರ್ವಿಸ್ ರೋಡಿಂದ ಬರೋ ಗಾಡಿಗೆ ದಾರಿ ಬಿಟ್ಟಿರ್ಬೇಕು, ಇಲ್ಲಾ ಆಟೋ ಒಂದು ಅಡ್ಡ ತಿರುಗ್ತಿರ್ಬೇಕು. ಆ ಖಾಲಿ ಜಾಗದಿಂದ ಹೊರಗೆ ಬರೋನು ಸೀದಾ ನಿನ್ನ ಸಂದಿಗೇ ಬರ್ತಾನೆ. ಬಸ್ಸಿನ ಮುಂದುಗಡೆ ಕೂಡ ಹಂಗೇ, ಜಾಮಲ್ಲಿ ಬಸ್ ನಿಂತ ತಕ್ಷಣ ಜನ ಇಳಿದು ಅದರ ಮುಂದಿನಿಂದ ದಾಟ್ತಾರೆ, ಬಸ್ಸು ಮರೆ ಆಗಿರೋದ್ರಿಂದ ನಿನಗೆ ಅವ್ರು ಕಾಣೋದು ಕೊನೇ ಗಳಿಗೇಲಿ.

ಯಾವ ಸಂದಿ ಅಂತ ಕೇಳಿದೀಯಲ್ಲ, ಬಲಗಡೆ ಡಿವೈಡರ್ ಪಕ್ಕದ ಲೇನು, ಅದರ ಎಡದ ಲೇನು, ಇವೆರಡರ ಮಧ್ಯೆ. ಎಡಗಡೆ ಕೊನೆ ಬೇಡ್ವೇ ಬೇಡ. ಅಲ್ಲಿ ಬಸ್ ಸ್ಟಾಪು, ಆಟೋ, ಡ್ರೈನ್ ಮುಚ್ಚಳ, ಮರಳು, ಎದುರಿಂದ ರಾಂಗ್ ಸೈಡಲ್ಲಿ ಬರೋ ಸ್ಕೂಟ್ರು, ಕ್ಯಾಬಿಂದ ಇಳಿಯೋ ಪ್ಯಾಸೆಂಜರು, ಎಲ್ಲಾ ಅಲ್ಲೇ. ಡಿವೈಡರ್‌ಗೂ ಕಾರಿಗೂ ಮಧ್ಯೆ ನುಗ್ಗೋದೂ ಬೇಡ, ಒಂದು ಕಡೆ ಕಲ್ಲು ಇರೋದ್ರಿಂದ ತಪ್ಪಿಸ್ಕೊಳ್ಳೋಕೆ ಜಾಗ ಇರಲ್ಲ.

ಕೈ ಕಾಲಿನ ವಿಷಯ: ಎರಡು ಬೆರಳು ಕ್ಲಚ್ ಮೇಲೆ, ಎರಡು ಬೆರಳು ಮುಂದಿನ ಬ್ರೇಕ್ ಮೇಲೆ, ಯಾವಾಗ್ಲೂ. ನಿಧಾನಕ್ಕೆ ಹೋಗುವಾಗ ಬ್ಯಾಲೆನ್ಸು ಹಿಂದಿನ ಬ್ರೇಕಲ್ಲಿ, ಚೂರು ಒತ್ತಿ ಹಿಡ್ಕೊಂಡು ಹಾಫ್ ಕ್ಲಚ್ಚಲ್ಲಿ ಎಳಿ, ಗಾಡಿ ನೆಟ್ಟಗೆ ನಿಲ್ಲುತ್ತೆ. ಹ್ಯಾಂಡಲ್ ತಿರುಗಿರೋವಾಗ ಮುಂದಿನ ಡಿಸ್ಕ್ ಗಟ್ಟಿಯಾಗಿ ಹಿಡಿದ್ರೆ ಗಾಡಿ ಮಲ್ಕೊಳ್ಳುತ್ತೆ. ಕಣ್ಣು ಪಕ್ಕದ ಮಿರರ್ ಮೇಲೆ ಇಡ್ಬೇಡ, ಮೂರ್ನಾಲ್ಕು ಕಾರು ಮುಂದೆ ಇಡು, ಮಿರರ್ ನೋಡ್ತಾ ಹೋದ್ರೆ ಹ್ಯಾಂಡಲ್ ತಾನೇ ಆ ಕಡೆ ಎಳಿಯುತ್ತೆ. ಆಮೇಲೆ ನಿನ್ನ ಗಾಡಿ ಎಲ್ಲಿ ಅಗಲ ಅಂತ ತಿಳ್ಕೋ. ಸ್ಪ್ಲೆಂಡರ್ ಥರದ್ದು 720 ಎಂಎಂ, ಹಿಮಾಲಯನ್ 411 ಥರದ್ದು 840, ಇದ್ರ ಮೇಲೆ ಕ್ರ್ಯಾಶ್ ಗಾರ್ಡು, ಸ್ಯಾಡಲ್ ಬ್ಯಾಗು, ಬೆನ್ನ ಮೇಲೆ ಲ್ಯಾಪ್‌ಟಾಪ್ ಬ್ಯಾಗು. ಹ್ಯಾಂಡಲ್ ಪಾಸಾದ್ಮೇಲೆ ಹಿಂದಿನ ಬ್ಯಾಗು ಸಿಕ್ಕಾಕ್ಕೊಂಡು ಬಿದ್ದಿರೋರು ಬೇಕಾದಷ್ಟಿದಾರೆ. ಸಂದಿಗೆ ಹಿಡಿಸ್ಲಿ ಅಂತ ಮಿರರ್ ಒಳಗೆ ಮಡಚಿ ಓಡ್ಸೋರನ್ನ ನೋಡಿರ್ತೀಯ, ಅದನ್ನ ದಯವಿಟ್ಟು ಮಾಡ್ಬೇಡ, ಹಿಂದಿಂದ ಇನ್ನೊಬ್ಬ ಜೋರಾಗಿ ಬರ್ತಿರೋದು ಗೊತ್ತೇ ಆಗಲ್ಲ.

---

ಹಳದಿಬೋರ್ಡ್_ಚಾಲಕ

ಮೇಲಿನ ಅಣ್ಣ ಸರಿಯಾಗಿ ಹೇಳಿದಾರೆ. ನಾನು ಕ್ಯಾಬ್ ಓಡ್ಸೋನು, ಕಾರಿನ ಒಳಗಿಂದ ಹೇಗೆ ಕಾಣುತ್ತೆ ಅಂತ ಹೇಳ್ತೀನಿ, ಬೈಕ್ ಓಡ್ಸೋ ತಮ್ಮಂದ್ರಿಗೆ ಉಪಯೋಗ ಆಗ್ಲಿ.

ನಮಗೆ ನೀವು ಕಾಣ್ದೇ ಇರೋ ಜಾಗ ಒಂದಿದೆ, ಹಿಂದಿನ ಡೋರ್ ಪಕ್ಕ. ಅಲ್ಲಿ ನೀವು ಒಳಗಿನ ಮಿರರಲ್ಲೂ ಇರಲ್ಲ ಹೊರಗಿನ ಮಿರರಲ್ಲೂ ಇರಲ್ಲ. ಜಾಸ್ತಿ ಬೈಕುಗಳು ಮುಂದೆ ಜಾಗ ಇಲ್ಲ ಅಂದಾಗ ಬಂದು ನಿಲ್ಲೋದು ಸರಿಯಾಗಿ ಅಲ್ಲೇ. ನಿಲ್ಲೋ ಹಾಗಿದ್ರೆ ಡ್ರೈವರ್ ಕಿಟಕಿ ಪಕ್ಕ ಬಂದು ನಿಲ್ಲಿ, ಇಲ್ಲಾಂದ್ರೆ ಬಂಪರ್ ಹಿಂದೇನೇ ಇರಿ. ಹಿಂದಿನ ಡೋರ್ ಪಕ್ಕ ನಿಲ್ಬೇಡಿ. ಜಾಮಲ್ಲಿ ಆಫೀಸು ಎದುರುಗಡೆನೇ ಕಾಣ್ತಿದೆ ಅಂದ್ರೆ ಪ್ಯಾಸೆಂಜರು ಇಲ್ಲೇ ಇಳೀತೀನಿ ಅಂತಾರೆ, ನಾನು ಸ್ವಲ್ಪ ತಡೀರಿ ಅನ್ನೋಷ್ಟ್ರಲ್ಲಿ ಡೋರ್ ತೆಗ್ದಿರ್ತಾರೆ. ಹಳದಿ ಬೋರ್ಡ್ ಕಾರು, ಹಿಂದಿನ ಸೀಟಲ್ಲಿ ಯಾರೋ ಬ್ಯಾಗ್ ಎತ್ಕೊಳ್ತಾ ಇದಾರೆ, ಫೋನ್ ಜೇಬಿಗೆ ಹಾಕ್ತಾ ಇದಾರೆ ಅಂದ್ರೆ ಡೋರ್ ತೆಗೆಯುತ್ತೆ ಅಂತಾನೇ ಲೆಕ್ಕ ಇಟ್ಕೊಳ್ಳಿ.

ಇಂಡಿಕೇಟರ್ ನಂಬ್ಬೇಡಿ. ಹಾಕೋರು ಕಮ್ಮಿ, ಹಾಕಿ ಆಫ್ ಮಾಡೋದು ಮರೆಯೋರು ಜಾಸ್ತಿ. ಮುಂದಿನ ಚಕ್ರ ನೋಡಿ, ಗಾಡಿ ಅಲ್ಲಾಡೋ ಮುಂಚೆ ಚಕ್ರ ತಿರುಗಿರುತ್ತೆ. ಆಮೇಲೆ ಡ್ರೈವರ್ ತಲೆ ನೋಡಿ, ಕತ್ತು ಪಕ್ಕಕ್ಕೆ ತಿರುಗ್ತು ಅಂದ್ರೆ ಅವ್ನು ಆ ಕಡೆ ಎಳೀತಾನೆ. ಕೆಲವರು ತಲೆ ತಗ್ಗಿಸ್ಕೊಂಡಿರ್ತಾರೆ, ಫೋನ್ ನೋಡ್ತಿದಾರೆ ಅಂತ ಅರ್ಥ, ಮುಂದಿನ ಕಾರು ಹೋದ ತಕ್ಷಣ ಎಚ್ಚರ ಆಗಿ ಎತ್ತಾಕಿ ಎಳೀತಾರೆ, ಅವ್ರಿಂದ ದೂರ ಇರಿ.

ದೊಡ್ಡ ಗಾಡಿ ವಿಷಯಕ್ಕೆ ಬಂದ್ರೆ, ಟಿಪ್ಪರ್, ವಾಟರ್ ಟ್ಯಾಂಕರ್, ಬಸ್ಸು, ಇವುಗಳ ಪಕ್ಕ ಸಂದಿ ಎಷ್ಟೇ ಅಗಲ ಇದ್ರೂ ನುಗ್ಬೇಡಿ. ಲಾರಿ ಮಿರರಲ್ಲಿ ಡ್ರೈವರ್ ಮುಖ ನಿಮಗೆ ಕಾಣ್ತಿಲ್ಲ ಅಂದ್ರೆ ಅವ್ನಿಗೂ ನೀವು ಕಾಣ್ತಿಲ್ಲ. ಇನ್ನೊಂದು, 12 ಮೀಟರ್ ಬಸ್ಸಲ್ಲಿ ಹಿಂದಿನ ಚಕ್ರ ಆದ್ಮೇಲೂ ಬಾಡಿ ಉದ್ದಕ್ಕೆ ಇರುತ್ತೆ, ಮುಂಭಾಗ ಬಲಕ್ಕೆ ತಿರುಗಿದ್ರೆ ಹಿಂಭಾಗ ಮೊದ್ಲು ಎಡಕ್ಕೆ ಬೀಸುತ್ತೆ. ಬಸ್ಸು ಬಲಕ್ಕೆ ಹೋಗ್ತಿದೆ, ಎಡಗಡೆ ಜಾಗ ಆಯ್ತು ಅಂತ ಹೋದೋನಿಗೆ ಆ ಹಿಂಭಾಗ ಬಂದು ತಾಗುತ್ತೆ. ಎರಡು ದೊಡ್ಡ ಗಾಡಿ ಅಕ್ಕಪಕ್ಕ ನಿಂತಿದ್ರೆ ಅವುಗಳ ಮಧ್ಯೆ ಹೋಗೋದಂತೂ ಯಾವ ಕಾರಣಕ್ಕೂ ಬೇಡ, ಎಷ್ಟೇ ಲೇಟಾಗಿರ್ಲಿ.

---

ಫ್ರೀಮಾಂಟ್_ಕನ್ನಡಿಗ

ನಾನು ಹುಟ್ಟಿದ್ದು ತುಮಕೂರು, ಈಗ ಇರೋದು ಕ್ಯಾಲಿಫೋರ್ನಿಯಾ, ಇಲ್ಲಿ 880 ಫ್ರೀವೇಲಿ ಬೈಕಲ್ಲೇ ಆಫೀಸಿಗೆ ಹೋಗ್ತೀನಿ, ಅದಕ್ಕೇ ಹೇಳ್ಬೇಕು ಅನ್ನಿಸ್ತು. ಅಮೆರಿಕದಲ್ಲಿ ಇದನ್ನ ಮೊದ್ಲು ಕಾನೂನಲ್ಲಿ ಬರ್ದಿದ್ದು ಈ ರಾಜ್ಯನೇ, 2016ರಲ್ಲಿ ಎಬಿ 51 ಅನ್ನೋ ಮಸೂದೆ ಪಾಸಾಗಿ 2017ರ ಜನವರಿ 1ರಿಂದ ಜಾರಿಗೆ ಬಂತು. ಅದಕ್ಕೂ ಮುಂಚೆ 2015ರಲ್ಲಿ ಬರ್ಕ್ಲಿ ಯೂನಿವರ್ಸಿಟಿಯೋರು ಸುಮಾರು 6,000 ಬೈಕ್ ಅಪಘಾತಗಳ ಪೊಲೀಸ್ ವರದಿ ಇಟ್ಕೊಂಡು ಅಧ್ಯಯನ ಮಾಡಿದ್ರು. ಅವ್ರು ಕಂಡ್ಕೊಂಡಿದ್ದು ಏನಂದ್ರೆ ಟ್ರಾಫಿಕ್ ಗಂಟೆಗೆ 50 ಮೈಲಿ ಒಳಗಿದ್ದು, ಬೈಕು ಅದಕ್ಕಿಂತ 15 ಮೈಲಿಗಿಂತ ಜಾಸ್ತಿ ಸ್ಪೀಡ್ ಇಲ್ಲ ಅಂದ್ರೆ ಗಾಯ ಜಾಸ್ತಿ ಆಗ್ತಿರ್ಲಿಲ್ಲ, ವ್ಯತ್ಯಾಸ 15 ಮೈಲಿ ದಾಟಿದ್ರೆ ಗಾಯ ಏರ್ತಾ ಹೋಗ್ತಿತ್ತು. 15 ಮೈಲಿ ಅಂದ್ರೆ 24 ಕಿ.ಮೀ. ರಿಂಗ್‌ರೋಡ್ ಅವ್ರು ಹೇಳಿದ ವ್ಯತ್ಯಾಸದ ಮಾತು ಅಧ್ಯಯನದಲ್ಲೂ ಅದೇ ಬಂದಿದೆ ಅನ್ನೋಕೆ ಇದನ್ನ ಬರ್ದೆ. ಸಂದೀಲಿ ಹೋಗ್ತಿದ್ದೋರಿಗೆ ಹಿಂದಿಂದ ಕಾರು ಬಂದು ಗುದ್ದಿದ್ದು ಬೇರೆ ಸವಾರರಿಗಿಂತ ಕಮ್ಮಿ ಅಂತಾನೂ ಅದರಲ್ಲಿತ್ತು, ಜಾಮಲ್ಲಿ ಎರಡು ಕಾರಿನ ಬಂಪರ್ ಮಧ್ಯೆ ನಿಂತಿರೋ ಬೈಕಿಗೆ ಇರೋ ಅಪಾಯ ಅದು, ನಮ್ಮಲ್ಲೂ ಇದೆ.

ಆದ್ರೆ ಇಲ್ಲಿನ ನಂಬರ್ ಎತ್ಕೊಂಡೋಗಿ ಬೆಂಗಳೂರಲ್ಲಿ ಹಾಕ್ಬೇಡಿ. ಇಲ್ಲಿ ಫ್ರೀವೇಲಿ ನಡ್ಕೊಂಡು ದಾಟೋರಿಲ್ಲ, ಆಟೋ ಇಲ್ಲ, ಹಸು ಇಲ್ಲ, ಲೇನು ಸುಮಾರು 12 ಅಡಿ ಅಗಲ, ಎಷ್ಟೋ ಜನ ಕಾರಿನೋರು ಮಿರರಲ್ಲಿ ಬೈಕ್ ಕಂಡ ತಕ್ಷಣ ಸ್ವಲ್ಪ ಸರಿದು ಜಾಗ ಕೊಡ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಲ್ಲಿ 2014ರಿಂದ ಬಿಟ್ಟಿದಾರೆ, ಅಲ್ಲಿ ಬೈಕಿನ ಸ್ಪೀಡೇ 30 ಕಿ.ಮೀ. ದಾಟೋ ಹಾಗಿಲ್ಲ, ಫುಟ್‌ಪಾತ್ ಪಕ್ಕ ಮಾಡೋ ಹಾಗಿಲ್ಲ, ಸ್ಕೂಲ್ ಝೋನಲ್ಲಿ ಇಲ್ಲ, ಎಲ್ಎಲ್ ಇರೋರಿಗಂತೂ ಇಲ್ವೇ ಇಲ್ಲ. ಅಲ್ಲೂ ನಮ್ಮ ಥರ ಎಡಗಡೆ ಓಡ್ಸೋದು, ಆದ್ರಿಂದ ನಮಗೆ ಹತ್ತಿರ ಆಗೋದು ಆ ನಿಯಮಗಳೇ ಅಂತ ನನಗನ್ನಿಸುತ್ತೆ.

---

ಕೋರ್ಟ್_ಕಟ್ಟೆ

ಕಾನೂನು ಕೇಳಿದ್ರಿ, ಚಿಕ್ಕದಾಗಿ ಹೇಳ್ತೀನಿ. ನಮ್ಮಲ್ಲಿ ಬೈಕು ಲೇನುಗಳ ಮಧ್ಯೆ ಹೋಗ್ಬೋದು, ಇಷ್ಟು ಸ್ಪೀಡಲ್ಲಿ ಹೋಗ್ಬೋದು ಅಂತ ಅನುಮತಿ ಕೊಡೋ ನಿಯಮ ಇಲ್ಲ. 2017ರ ಡ್ರೈವಿಂಗ್ ನಿಯಮಾವಳಿ ಇರೋದು ಲೇನ್ ಶಿಸ್ತಿನ ಪರವಾಗಿ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆದ್ಮೇಲೆ 184ನೇ ಸೆಕ್ಷನ್ನಲ್ಲಿ ಕಾನೂನಿಗೆ ವಿರುದ್ಧವಾಗಿ ಓವರ್‌ಟೇಕ್ ಮಾಡೋದನ್ನೂ ಅಪಾಯಕಾರಿ ಚಾಲನೆ ಪಟ್ಟಿಗೆ ಸೇರಿಸಿದಾರೆ. ದಿನಾ ಸಾವಿರಾರು ಬೈಕು ಪೊಲೀಸ್ ಮುಂದೇನೇ ಸಂದೀಲಿ ಹೋಗ್ತವೆ, ಯಾರೂ ಹಿಡಿಯಲ್ಲ, ನಿಜ. ಆದ್ರೆ ಏನಾದ್ರೂ ಆದಾಗ ಪರಿಹಾರದ ಕೇಸು ಟ್ರಿಬ್ಯೂನಲ್‌ಗೆ ಹೋಗುತ್ತೆ, ಅಲ್ಲಿ ಇನ್ಷೂರೆನ್ಸ್ ಕಡೆ ವಕೀಲರು ಮೊದ್ಲು ಎತ್ತೋ ಮಾತೇ ಸವಾರನದ್ದೂ ತಪ್ಪಿದೆ ಅನ್ನೋದು. ಅದು ಸಾಬೀತಾದ್ರೆ ಪರಿಹಾರದಲ್ಲಿ ಅಷ್ಟು ಭಾಗ ಕಡಿತ ಆಗುತ್ತೆ. ಮನೇಲಿ ನಿಮ್ಮ ಸಂಬಳ ನಂಬ್ಕೊಂಡಿರೋರು ಇದ್ರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

---

ಆಕ್ಟಿವಾ_ಅಮ್ಮ_ವಿಜಯನಗರ

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ಬೇಜಾರಾಗ್ಬೇಡಿ. ಇಲ್ಲಿ ಎಲ್ರೂ ಒಬ್ರೇ ಹೋಗೋ ಲೆಕ್ಕದಲ್ಲಿ ಬರ್ದಿದೀರ. ಹಿಂದೆ ಯಾರಾದ್ರೂ ಕೂತಿದ್ರೆ ಈ ಮಾತು ಯಾವುದೂ ನಡಿಯಲ್ಲ. ಹಿಂದೆ ಕೂತೋರ ಮೊಣಕಾಲು ಹ್ಯಾಂಡಲ್‌ಗಿಂತ ಹೊರಗೆ ಬಂದಿರುತ್ತೆ, ಸೀರೆ ಉಟ್ಟು ಒಂದೇ ಪಕ್ಕಕ್ಕೆ ಕೂತಿದ್ರಂತೂ ಎರಡೂ ಕಾಲು ಹೊರಗೆ, ಮುಂದಿನೋನು ಸಂದಿ ಸಾಕು ಅಂತ ನುಗ್ತಾನೆ, ಬಂಪರ್ ತಾಗೋದು ಹಿಂದಿನೋರ ಮಂಡಿಗೆ. ಬೆಳಿಗ್ಗೆ ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ಹೋಗೋ ಅಪ್ಪಂದಿರು ಮಗೂನ ಹಿಂದೆ ಕೂರ್ಸ್ಕೊಂಡು ಮಾಗಡಿ ರೋಡಲ್ಲಿ ಬಸ್ಸುಗಳ ಮಧ್ಯೆ ನುಗ್ಗೋದು ನೋಡಿದ್ರೆ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ. 9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಹೆಲ್ಮೆಟ್ಟು, ಸವಾರನಿಗೆ ಕಟ್ಟೋ ಬೆಲ್ಟು ಇರ್ಬೇಕು, 40 ಕಿ.ಮೀ. ದಾಟ್ಬಾರ್ದು ಅಂತ 2023ರ ಫೆಬ್ರವರಿಯಿಂದ ನಿಯಮಾನೇ ಇದೆ, ಎಷ್ಟು ಜನ ಪಾಲಿಸ್ತಾರೆ ಹೇಳಿ.

ತಮ್ಮಾ, ನೀನು ಹೊಸಬ, ಗಾಡಿ ಗೊತ್ತು ಆದ್ರೆ ಊರು ಗೊತ್ತಿಲ್ಲ. ಯಾವ ಸಿಗ್ನಲ್‌ ಹತ್ರ ಆಟೋ ನಿಲ್ಲುತ್ತೆ, ಎಲ್ಲಿ ಡಿವೈಡರ್ ಒಡೆದು ಜನ ದಾಟ್ತಾರೆ ಅನ್ನೋದೆಲ್ಲ ಅಭ್ಯಾಸ ಆಗೋ ತನಕ ಕಾರಿನ ಹಿಂದೇನೇ ಇರು. ಅರ್ಧ ಗಂಟೆ ಮುಂಚೆ ಹೊರಡು. ಎಷ್ಟು ನಿಮಿಷ ಉಳಿಯುತ್ತೆ ಅಂತ ನೋಡಿದ್ರೆ, ನಾಲ್ಕು ಸಿಗ್ನಲ್ ಮುಂದೆ ಅದೇ ಬೈಕಿನೋರು ಮತ್ತೆ ಪಕ್ಕಾನೇ ನಿಂತಿರ್ತಾರೆ.

---

ಮಲ್ನಾಡ್_ಸವಾರ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ. ಅಕ್ಕಾ, ನಿಮ್ಮ ಮಾತು ಬೇಜಾರಿಲ್ಲ, ಹಿಂದೆ ಯಾರಾದ್ರೂ ಇದ್ರೆ ನುಗ್ಗಲ್ಲ, ಅದು ತೀರ್ಮಾನ ಮಾಡ್ದೆ. ಇನ್ನೆರಡು ಅನುಮಾನ. ಮಳೇಲಿ ಏನ್ ಮಾಡ್ಬೇಕು? ಸಿಗ್ನಲ್ ಹತ್ರ ಎಲ್ರೂ ಮುಂದಕ್ಕೆ ಹೋಗಿ ನಿಲ್ತಾರಲ್ಲ, ಅಲ್ಲಿಗೆ ಹೋಗೋದು ಸರಿನಾ?

---

ರಿಂಗ್‌ರೋಡ್_ದಿನನಿತ್ಯ

ಮಲ್ನಾಡ್, ಮಳೆ ನಿನಗೆ ಹೊಸದಲ್ಲ, ಆದ್ರೆ ಇಲ್ಲಿ ಒಂದು ವಿಷಯ ಬೇರೆ. ಸಂದೀಲಿ ಹೋಗೋದು ಅಂದ್ರೆ ಸರಿಯಾಗಿ ಲೇನಿನ ಬಿಳಿ ಪಟ್ಟೆ ಮೇಲೇ ಹೋಗೋದು. ಒದ್ದೆಯಾದ್ರೆ ಆ ಬಣ್ಣ ಜಾರುತ್ತೆ, ಮೇಲೆ ಅಲ್ಲಲ್ಲಿ ಕ್ಯಾಟ್ ಐ, ಅಂದ್ರೆ ಲೈಟ್ ಬಿದ್ರೆ ಹೊಳೆಯೋ ಆ ಗುಬಟು, ಎದ್ದಿರುತ್ತೆ. ವೈಟ್ ಟಾಪಿಂಗ್ ಮಾಡಿರೋ ರೋಡಲ್ಲಿ ಕಾಂಕ್ರೀಟ್ ಸ್ಲ್ಯಾಬುಗಳ ಉದ್ದದ ಜಾಯಿಂಟು ಎಷ್ಟೋ ಕಡೆ ಅದೇ ಗೆರೇಲಿ ಬರುತ್ತೆ, ಟೈರು ಅದರೊಳಗೆ ಸಿಕ್ಕಿ ಗಾಡಿ ಅತ್ತಿತ್ತ ಆಡುತ್ತೆ. ಫ್ಲೈಓವರ್ ಮೇಲೆ ಕಬ್ಬಿಣದ ಜಾಯಿಂಟು ಬೇರೆ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ದಿನ ರೋಡಲ್ಲಿರೋ ಎಣ್ಣೆ ಎಲ್ಲ ಮೇಲೆ ಬಂದಿರುತ್ತೆ. ಇವೆಲ್ಲ ಸೇರಿದ್ರೆ, ಬ್ರೇಕ್ ಬೇಕಾದ ಜಾಗದಲ್ಲೇ ಬ್ರೇಕ್ ಹಿಡಿಯಲ್ಲ. ಕಾರಿನ ಗಾಜು ಬೇರೆ ಮಂಜು ಕಟ್ಟಿರುತ್ತೆ, ಮಿರರ್ ಮೇಲೆ ನೀರು, ಅವ್ರಿಗೆ ನೀನು ಕಾಣಲ್ಲ. ಹಂಗಾಗಿ ನಾನು ಮಳೇಲಿ ನುಗ್ಗಲ್ಲ, ಪೂರ್ತಿ ನಿಂತ ಟ್ರಾಫಿಕ್ ಆದ್ರೂ ಅಷ್ಟೇ. ಕತ್ತಲಾದ್ಮೇಲೂ ಕಮ್ಮಿ ಮಾಡು, 2017ರಿಂದ ಹೊಸ ಬೈಕಿಗೆಲ್ಲ ಹಗಲೂ ಲೈಟ್ ಉರಿಯುತ್ತೆ ಸರಿ, ಆದ್ರೆ ರಾತ್ರಿ ಮಿರರಲ್ಲಿ ನೂರು ಲೈಟಿನ ಮಧ್ಯೆ ನಿನ್ನದು ಹತ್ತಿರದ್ದೋ ದೂರದ್ದೋ ಅಂತ ಡ್ರೈವರ್‌ಗೆ ಗೊತ್ತಾಗಲ್ಲ.

ಸಿಗ್ನಲ್ ಕೆಂಪಿದ್ದು ಗಾಡಿಗಳು ನಿಂತಿರೋವಾಗ ನಿಧಾನಕ್ಕೆ ಮುಂದೆ ಹೋಗೋದು ಇದರಲ್ಲೆಲ್ಲ ಕಮ್ಮಿ ಅಪಾಯದ್ದು, ಆದ್ರೆ ಟೈಮ್ ನೋಡು. ಟೈಮರ್ ಇರೋ ಕಡೆ ಹತ್ತು ಸೆಕೆಂಡಿಗಿಂತ ಕಮ್ಮಿ ಇದ್ರೆ ಶುರು ಮಾಡ್ಲೇಬೇಡ, ಅರ್ಧ ದಾರೀಲಿರೋವಾಗ ಹಸಿರು ಬಿದ್ರೆ ಎಲ್ಲಾ ಗಾಡಿ ಒಟ್ಟಿಗೆ ಅಲ್ಲಾಡುತ್ತೆ, ನೀನು ಮಧ್ಯ ಸಿಕ್ಕಾಕ್ಕೊಳ್ತೀಯ. ಟೈಮರ್ ಇಲ್ಲಾಂದ್ರೆ ಅಡ್ಡ ರೋಡಿನ ಗಾಡಿಗಳು ನಿಲ್ತಾ ಇದ್ಯಾ ನೋಡು, ಹಸಿರು ಹತ್ರ ಬಂತು ಅಂತ ಅದರಲ್ಲೇ ಗೊತ್ತಾಗುತ್ತೆ. ಹೋಗ್ತಾ ಹೋಗ್ತಾ ಯಾವಾಗ್ಲೂ ಪಕ್ಕದಲ್ಲಿ ಎರಡು ಕಾರಿನ ಮಧ್ಯೆ ತೂರ್ಕೊಳ್ಳೋ ಒಂದು ಜಾಗ ಗುರುತು ಇಟ್ಕೊಂಡಿರು, ಟ್ರಾಫಿಕ್ ಬಿಟ್ಟ ತಕ್ಷಣ ಅಲ್ಲಿಗೆ ಹೋಗು. ಮುಂದೆ ಹೋದ್ಮೇಲೆ ಜೀಬ್ರಾ ಮೇಲೆ ನಿಲ್ಬೇಡ, ನಡ್ಕೊಂಡು ದಾಟೋರಿಗೆ ಜಾಗ ಬೇಕು. ಹಸಿರು ಬಿದ್ದ ತಕ್ಷಣ ಎಳಿಬೇಡ, ಎರಡೂ ಕಡೆ ಕತ್ತು ತಿರುಗ್ಸಿ ನೋಡಿ ಹೊರಡು, ಕೆಂಪಲ್ಲಿ ಹಾರ್ಕೊಂಡು ಬರೋನು ಮೊದ್ಲು ಗುದ್ದೋದು ಮುಂದಿನ ಸಾಲಲ್ಲಿರೋ ಬೈಕಿಗೇ.

ಸಾಮಾನು ವಿಷಯ, ಹೆಲ್ಮೆಟ್ ಐಎಸ್ 4151 (ನಮ್ಮ ದೇಶದ ಹೆಲ್ಮೆಟ್ ಗುಣಮಟ್ಟದ ನಂಬರು) ಮಾರ್ಕ್ ಇರೋದು, ಪಟ್ಟಿ ಬಿಗಿಯಾಗಿ. ಬೆರಳಿನ ಗಂಟಿಗೆ ರಕ್ಷಣೆ ಇರೋ ಗ್ಲೌಸ್ ತಗೋ, ಸಂದೀಲಿ ಮೊದ್ಲು ತಾಗೋದು ಕೈಗೇ. ಆಮೇಲೆ ಒಂದು ಕೆಲಸ ಮಾಡು, ಭಾನುವಾರ ಬೆಳಿಗ್ಗೆ ಲೇಔಟಲ್ಲಿ ಖಾಲಿ ರೋಡ್ ಹುಡುಕಿ, ನಿನ್ನ ಹ್ಯಾಂಡಲ್ ಅಗಲಕ್ಕಿಂತ ಒಂದು ಗೇಣು ಜಾಸ್ತಿ ಬಿಟ್ಟು ಎರಡು ಸಾಲು ಖಾಲಿ ನೀರಿನ ಬಾಟ್ಲಿ ಇಡು. ಮನುಷ್ಯ ನಡಿಯೋ ಸ್ಪೀಡಲ್ಲಿ, ಕಾಲು ಪೆಗ್ ಮೇಲೇ ಇಟ್ಟು, ಬಾಟ್ಲಿ ಬೀಳಿಸ್ದೇ ಆ ಕಡೆಯಿಂದ ಈ ಕಡೆ ಬಾ. ಮಧ್ಯದಲ್ಲಿ ಪೂರ್ತಿ ನಿಲ್ಸಿ ಮತ್ತೆ ಎಳಿ. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡೇ ಮಾಡು, ಭಾರ ಬದಲಾದ್ರೆ ಬ್ಯಾಲೆನ್ಸೂ ಬದಲಾಗುತ್ತೆ. ಅದು ಯೋಚ್ನೆ ಮಾಡ್ದೇ ಬರೋ ಹಂಗಾದ್ಮೇಲೆ, ಮೊದ್ಲು ಸಿಗ್ನಲ್‌ ಹತ್ರ ಪೂರ್ತಿ ನಿಂತಿರೋ ಕಾರುಗಳ ಮಧ್ಯೆ ಶುರು ಮಾಡು. ತೆವಳೋ ಟ್ರಾಫಿಕ್ಕಿಗೆ ಆಮೇಲೆ ಬರೋಣ, ಏನಾದ್ರೂ ಅನುಮಾನ ಬಂದ್ರೆ ಇಲ್ಲೇ ಕೇಳು.